ಹೆಬ್ಬೆರಳಿನ ಪಾಲು

ಅಣ್ಣನ ಬಲಗೈ ಹೆಬ್ಬೆರಳು ಅಲುಗಿತೋ ಇಲ್ಲವೋ, ಚಿದಾನಂದನಿಗೆ ಈ ಸಲವೂ ತಿಳಿಯಲಿಲ್ಲ. ಪರದೆಯ ಮೇಲಿನ ಕೆಂಪು ಕಾರು ಮಾತ್ರ ತಿರುವಿನಲ್ಲಿ ನುಣ್ಣಗೆ ಬಾಗಿ, ಅಂಚಿನ ಮರಳಿಗೆ ತಾಗದೆ, ಮತ್ತೆ ನೆಟ್ಟಗಾಗಿ ಓಡಿತು. ಕಾರಿನ ಮೇಲೆ ಕಣ್ಣಿಟ್ಟರೆ ಬೆರಳು ತಪ್ಪಿಹೋಗುತ್ತಿತ್ತು, ಬೆರಳಿನ ಮೇಲಿಟ್ಟರೆ ಕಾರು. ಅಣ್ಣ ಬಾಳಾಸಾಹೇಬ ಕುರ್ಚಿಯಲ್ಲಿ ತುಸು ಬಲಕ್ಕೆ ವಾಲಿ ಕೂತು, ತೊಡೆಯ ಮೇಲಿನ ದಿಂಬಿಗೆ ಗೇಮ್‌ಪ್ಯಾಡನ್ನು ಆನಿಸಿ, ಅದರ ಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಇಟ್ಟುಕೊಂಡಿದ್ದ. ಬೇರೆ ಯಾರೋ ನೋಡಿಕೊಂಡಿರು ಎಂದು ಕೊಟ್ಟುಹೋದ ವಸ್ತುವಿನಂತೆ ತನ್ನ ಕೈಯನ್ನು ಇಟ್ಟುಕೊಳ್ಳುವ ಈ ರೀತಿ ಲಕ್ವಾ ಹೊಡೆದ ಮೇಲೆ ಬಂದದ್ದು. ಮಾತು ಬೇಗ ತಿರುಗಿ ಬಂತು, ಕಾಲು ಕೋಲಿನ ಆಸರೆಯಲ್ಲಿ ಬಂತು, ಕೈ ಬರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಬನಹಟ್ಟಿಯ ಆ ಓಣಿಯಲ್ಲಿ ಮಧ್ಯಾಹ್ನವೆಂದರೆ ಆ ಸದ್ದೇ. ಕಾರು ಇನ್ನೊಂದು ತಿರುವು ದಾಟಿತು. ಅಣ್ಣನ ತುಟಿಯ ಎಡ ತುದಿ ಮೇಲೆದ್ದಿತು, ಬಲ ತುದಿ ಇದ್ದಲ್ಲೇ ಇತ್ತು. ನಗುತ್ತಿದ್ದಾನೆ ಎಂದು ಚಿದಾನಂದ ಅರ್ಥ ಮಾಡಿಕೊಂಡ. ಆ ನಗುವಿನಲ್ಲಿ ಬೆರಳಿನ ಪಾಲೆಷ್ಟು, ತಾನು ಮಾಡಿಟ್ಟ ಏರ್ಪಾಟಿನ ಪಾಲೆಷ್ಟು ಎಂದು ಮತ್ತೆ ಅದೇ ಯೋಚನೆ ಬಂತು.

ಈ ಆಟಕ್ಕೆ ಗೇಮ್‌ಪ್ಯಾಡ್ ಎಂಬುದೊಂದು ಲೋಕದಲ್ಲಿದೆ ಎಂದೇ ಗೊತ್ತಿಲ್ಲ. ಹಳೆಯ ಆಟ, ಅದಕ್ಕೆ ತಿಳಿಯುವುದು ಕೀಬೋರ್ಡ್ ಒಂದೇ. ನಡುವೆ ಕೂತ ಸಣ್ಣ ಸಾಫ್ಟ್‌ವೇರು, ಪ್ಯಾಡಿನ ಮೇಲಿನ ಗಿಡ್ಡ ಕೋಲು ಎಡಕ್ಕೆ ವಾಲಿದರೆ, ಕೀಬೋರ್ಡಿನಲ್ಲಿ ಯಾರೋ ಒಂದು ಅಕ್ಷರ ಒತ್ತಿದರು ಎಂದು ಆಟಕ್ಕೆ ಹೇಳುತ್ತದೆ. ಆಟ ನಂಬುತ್ತದೆ. ಯಾರೂ ಒತ್ತದ ಅಕ್ಷರ, ಆದರೂ ಕಾರು ತಿರುಗುತ್ತದೆ. ಈ ನಂಬಿಕೆಯ ವಿಷಯ ಚಿದಾನಂದನನ್ನು ಮೊದಲ ದಿನದಿಂದಲೂ ಹಿಡಿದುಬಿಟ್ಟಿತ್ತು. ಸೀರೆಯ ಅಂಚು-ಸೆರಗುಗಳ ಡಿಸೈನ್ ತೆಗೆಯುವುದು ಅವನ ಕೆಲಸ. ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬುತ್ತ ಕೂತವನಿಗೆ, ಇಲ್ಲಿ ತುಂಬಿದ ಚೌಕ ಅಲ್ಲಿ ಯಾವುದೋ ಮಗ್ಗದಲ್ಲಿ ಒಂದು ಎಳೆಯನ್ನು ಎತ್ತುತ್ತದೆ ಎಂಬುದು ಹೊಸದೇನಲ್ಲ. ಆದರೆ ಅಲ್ಲಿ ಒಂದು ಚೌಕಕ್ಕೆ ಒಂದು ಎಳೆ. ಇಲ್ಲಿ ಲೆಕ್ಕ ಹಾಗಿಲ್ಲ. ಕೋಲು ಎಷ್ಟು ವಾಲಿದರೆ ವಾಲಿದಂತೆ, ಎಷ್ಟು ಹೊತ್ತು ಒತ್ತಿದರೆ ಒತ್ತಿದಂತೆ ಎಂಬುದನ್ನೆಲ್ಲ ನಡುವೆ ಕೂತವನು ಗೊತ್ತುಮಾಡಬಹುದು. ಕೋಲಿನ ಮಧ್ಯದಲ್ಲಿ ಒಂದು ಸತ್ತ ಜಾಗವಿರುತ್ತದೆ. ಅದರೊಳಗಿನ ಅಲುಗಾಟವನ್ನು ಸಾಫ್ಟ್‌ವೇರು ಎಣಿಸುವುದಿಲ್ಲ. ಚಿದಾನಂದ ಅಣ್ಣನಿಗಾಗಿ ಆ ಜಾಗವನ್ನು ಕಿರಿದುಮಾಡುತ್ತ ಮಾಡುತ್ತ ಇಲ್ಲವೆನ್ನುವಷ್ಟಕ್ಕೆ ತಂದಿಟ್ಟಿದ್ದ. ಕಾರನ್ನು ಓಡಿಸುವ ಗ್ಯಾಸಿನ ಬಟನ್ನನ್ನು ಒಮ್ಮೆ ತಾಕಿದರೆ ಸಾಕು, ಮತ್ತೆ ತಾಕುವವರೆಗೂ ಒತ್ತಿಹಿಡಿದಂತೆಯೇ ಇರುವ ಹಾಗೆ ಮಾಡಿದ್ದ. ಮಾಡಿದ್ದೇನೆಂದು ಅಣ್ಣನಿಗೆ ಹೇಳಿರಲಿಲ್ಲ. ಹೇಳಬಾರದೆಂದು ನಿರ್ಧರಿಸಿದ್ದೂ ಅಲ್ಲ. ಕಾರು ಮೊದಲ ಸಲ ಓಡಿದಾಗ ಅಣ್ಣ ಅವನ ಕಡೆ ತಿರುಗಿ ನೋಡಿದ ನೋಟ ಹಾಗಿತ್ತು, ಅದಕ್ಕೆ ಬಾಯಿ ಬರಲಿಲ್ಲ.

ಜಮಖಂಡಿಯ ಡಾಕ್ಟರು ಕೈಗೆ ಕೆಲಸ ಕೊಡಿ ಎಂದು ಹೇಳಿ ಒಂದು ಮೆತ್ತನೆ ಚೆಂಡು ಕೊಟ್ಟಿದ್ದರು. ಹಿಸುಕಬೇಕಿತ್ತು. ಅಣ್ಣ ಎರಡು ದಿನ ಹಿಸುಕಲು ನೋಡಿ, ಮೂರನೆಯ ದಿನ ಎಡಗೈಯಿಂದ ಅದನ್ನು ಅಂಗಳಕ್ಕೆ ಎಸೆದಿದ್ದ. ಕಣ್ಣಿಗೆ ಕಾಣುವ ಫಲವಿಲ್ಲದ ಕೆಲಸ ಅವನಿಗೆ ಆಗದು. ಆಗ ಚಿದಾನಂದನಿಗೆ ಪ್ಯಾಡಿನ ಯೋಚನೆ ಬಂತು. ತಂದ ದಿನ ಅದನ್ನು ತಿರುಗಿಸಿ ನೋಡಿದ ಅಣ್ಣ, ಇದೇನು ಏಡಿ ತಂದಿ ಎಂದ. ಏಡಿ ಎಂಬ ಹೆಸರೇ ಉಳಿಯಿತು. ಒಂದೊಂದು ಆಟಕ್ಕೂ ಒಂದೊಂದು ಏರ್ಪಾಟು ಬೇಕಾಯಿತು. ಟ್ರ್ಯಾಕ್ಟರಿನಿಂದ ಹೊಲ ಹೂಡುವ ಆಟದಲ್ಲಿ ನೇಗಿಲು ಇಳಿಸಿದ ಬಟನ್ನು, ಕುಸ್ತಿಯ ಆಟದಲ್ಲಿ ಎದುರಾಳಿಯ ಕಾಲಿಗೆ ಕೈ ಹಾಕುತ್ತಿತ್ತು. ಗುಳ್ಳೆ ಒಡೆಯುವ ಆಟದಲ್ಲಿ ಅದೇ ಬಟನ್ನು ಆಟವನ್ನೇ ಮುಚ್ಚುತ್ತಿತ್ತು. ಯಾವ ಆಟ ತೆರೆದರೆ ಯಾವ ಏರ್ಪಾಟು ತಾನಾಗಿ ಬರಬೇಕೆಂದು ಸಾಫ್ಟ್‌ವೇರಿಗೆ ಕಲಿಸುವುದರಲ್ಲಿ ಅವನ ಎಷ್ಟೋ ಮಧ್ಯಾಹ್ನಗಳು ಹೋದವು. ಒಮ್ಮೆ ಕಲಿಸಿದ್ದು ತಪ್ಪಿ, ಕಾರಿನ ಏರ್ಪಾಟು ಡಿಸೈನಿನ ಮೇಲೆಯೇ ಬಂದು ಕೂತಿತ್ತು. ಅಣ್ಣ ಪ್ಯಾಡನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಾಗ, ರಬಕವಿಯ ಅಂಗಡಿಗೆ ಕಳಿಸಬೇಕಾಗಿದ್ದ ಮಾವಿನಕಾಯಿ ಬುಟ್ಟಾದ ನಡುವೆ ಒಂದು ಸೊಟ್ಟ ಗೆರೆ ತಾನಾಗಿ ಹರಿದುಹೋಗಿತ್ತು. ಚಿದಾನಂದ ಅಳಿಸುವ ಮುನ್ನ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ನಿದ್ದೆಯಲ್ಲಿ ಅಣ್ಣನ ಬೆರಳು ಎಲ್ಲಿಗೋ ಹೊರಟಿತ್ತು. ಎಲ್ಲಿಗೆ ಎಂದು ಯಾರನ್ನು ಕೇಳುವುದು.

ಒಬ್ಬ ಮನುಷ್ಯನ ಕೈಯನ್ನು ಇಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. ಅದೇ ಕೈಯಿಂದ ಪೆಟ್ಟು ತಿಂದದ್ದು ಮಾತ್ರ ನೆನಪಿತ್ತು. ಜಮಖಂಡಿಯಲ್ಲಿ ಕಾಲೇಜಿಗೆಂದು ಹೋದವನು ಬಸ್‌ಸ್ಟ್ಯಾಂಡಿನ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಕೂತದ್ದು ಮನೆಗೆ ತಿಳಿದು, ಅಣ್ಣ ಶೆಡ್ಡಿನಲ್ಲಿ ನೇಕಾರರೆಲ್ಲರ ಮುಂದೆ ಕರೆದು, ಬಟನ್ ಒತ್ತುವುದನ್ನು ಇಲ್ಲಿ ಒತ್ತಿ ತೋರಿಸು ಎಂದು ಮಗ್ಗದ ಸ್ವಿಚ್ಚಿನ ಮೇಲೆ ಅವನ ಬೆರಳನ್ನು ಹಿಡಿದು ಒತ್ತಿಸಿದ್ದ. ಒಮ್ಮೆ ಶುರು, ಒಮ್ಮೆ ಬಂದ್. ಮತ್ತೆ ಶುರು, ಮತ್ತೆ ಬಂದ್. ನೇಕಾರರು ನಕ್ಕಿದ್ದರು. ಈಗ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಎತ್ತಿ ಪ್ಯಾಡಿನ ಮೇಲೆ ಕೂರಿಸುವಾಗ, ಇದನ್ನು ಪ್ರೀತಿಯಿಂದ ಮಾಡುತ್ತಿದ್ದೇನೋ, ಅಥವಾ ಆ ದಿನದ ಬೆರಳಿಗೆ ಈ ಬೆರಳಿನಿಂದ ಏನೋ ವಸೂಲು ಮಾಡುತ್ತಿದ್ದೇನೋ ಎಂದು ಅವನಿಗೆ ಅನುಮಾನ ಬರುತ್ತಿತ್ತು. ಉಂಗುರದ ಬೆರಳೂ ಕಿರುಬೆರಳೂ ತಣ್ಣಗೆ ಮಲಗಿದ್ದವು. ತೋರುಬೆರಳು ಬಟನ್ನು ತಾಕಬಲ್ಲದು, ಹಿಡಿದಿರಲಾರದು. ಹೆಬ್ಬೆರಳು ಮಾತ್ರ ಒಂದು ಜೋಳದ ಕಾಳಿನಷ್ಟು ದೂರ ಹೋಗಿ ಬರುತ್ತಿತ್ತು. ಹೋಗಿ ಬರುತ್ತಿದೆ ಎಂದು ಅವನು ಎಣಿಸಿದ್ದ.

ಆ ಸಂಜೆ ಅಂದಾನೆಪ್ಪ ಬಂದ. ರಬಕವಿಯಲ್ಲಿ ಸೀರೆ ವ್ಯಾಪಾರ ಮಾಡುವ ಅಂದಾನೆಪ್ಪ ಅಣ್ಣನ ಹಳೆಯ ಸ್ನೇಹಿತ. ಕೈಲಾಗದವರ ಮನೆಗೆ ಬಂದವರಂತೆ ದನಿ ಇಳಿಸಿ ಮಾತಾಡುವುದು ಅವನಿಗೆ ಬಾರದು, ಅದಕ್ಕೇ ಅಣ್ಣನಿಗೆ ಅವನು ಬಂದರೆ ಹಿತ. ಕೂತ್ಕೊ, ಒಂದ ಕೈ ನೋಡೋಣು ಎಂದು ಅಣ್ಣ ಅವನನ್ನು ಕೀಬೋರ್ಡಿನ ಮುಂದೆ ಕೂರಿಸಿದ. ಪರದೆ ಎರಡು ಪಾಲಾಯಿತು, ಮೇಲೊಂದು ಕಾರು, ಕೆಳಗೊಂದು ಕಾರು. ಅಂದಾನೆಪ್ಪ ಎರಡೂ ಕೈಗಳಿಂದ ಬಾಣದ ಗುರುತಿನ ಬಟನ್ನುಗಳನ್ನು ಬಡಿಯುತ್ತ, ಕಾರಿನ ಜೊತೆಗೆ ತಾನೂ ವಾಲುತ್ತ, ಎರಡು ಸಲ ಗೋಡೆಗೆ ಹೋಗಿ ಗುದ್ದಿದ. ಅಣ್ಣನ ಕಾರು ಸದ್ದಿಲ್ಲದೆ ಗೆರೆ ದಾಟಿತು. ಚಹಾ ತಂದ ಅಣ್ಣನ ಹೆಂಡತಿ ಮಾದೇವಿ ವೈನಿ ತಟ್ಟೆ ಹಿಡಿದುಕೊಂಡೇ ನಿಂತಳು.

"ಕೈ ಬಂತಲ್ಲೋ ಬಾಳಾಸಾಹೇಬ," ಎಂದ ಅಂದಾನೆಪ್ಪ. ಅವನ ದನಿಯಲ್ಲಿ ನಿಜವಾದ ಬೆರಗಿತ್ತು.

"ಬಂದೈತಿ," ಎಂದ ಅಣ್ಣ. "ನಾಡಿದ್ದ ಚಿಮ್ಮಡಕ್ಕ ನಾನ ಗಾಡಿ ಹೊಡಕೊಂಡ ಹೋಗ್ತೀನಿ. ಬಸ್ಸಿನ್ಯಾಗ ಮಂದಿ ಕೈ ಹಿಡದ ಹತ್ತಸೂದು ಸಾಕಾಗೇತಿ."

ವೈನಿ ಚಿದಾನಂದನ ಕಡೆ ನೋಡಿದಳು. ಅವನು ಚಹಾದ ಬಟ್ಟಲನ್ನು ತೆಗೆದುಕೊಂಡು ಅದರೊಳಗೆ ನೋಡಿದ. ಚಿಮ್ಮಡದಲ್ಲಿ ಅಕ್ಕನ ಮನೆ. ಜ್ವರದಿಂದ ಮಲಗಿದ್ದ ಅಕ್ಕನನ್ನು ನೋಡಿ ಬರಬೇಕೆಂದು ಅಣ್ಣ ವಾರದಿಂದ ಹೇಳುತ್ತಿದ್ದ. ದಾರಿ ಬಹಳವಿಲ್ಲ. ಆದರೆ ಕಬ್ಬು ಕಡಿಯುವ ದಿನಗಳು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ತುಂಬ ವಾಲಾಡುತ್ತ ಬರುತ್ತವೆ. ಮೋಟರ್‌ಸೈಕಲ್ಲಿನ ಗ್ಯಾಸೂ ಬಲಗೈಯಲ್ಲಿ, ಮುಂದಿನ ಬ್ರೇಕೂ ಬಲಗೈಯಲ್ಲಿ. ಅಲ್ಲಿ ನಡುವೆ ಕೂತು, ಜೋಳದ ಕಾಳಿನಷ್ಟನ್ನು ಗೇಣಿನಷ್ಟು ಮಾಡಿ ಹೇಳುವವರು ಯಾರೂ ಇಲ್ಲ. ಈಗಲೇ ಹೇಳಬೇಕು ಎಂದುಕೊಂಡ. ಅಂದಾನೆಪ್ಪ ಹೋಗಲಿ, ಆಮೇಲೆ ಎಂದುಕೊಂಡ. ಅಂದಾನೆಪ್ಪ ಹೋದ ಮೇಲೆ ಅಣ್ಣ ಎಡಗೈಯಿಂದ ಬಲಗೈಯನ್ನು ಮುಖದ ಹತ್ತಿರ ಎತ್ತಿ ಹಿಡಿದು, ಬಹಳ ದಿನ ಊರಿಗೆ ಹೋಗಿ ಬಂದವನನ್ನು ನೋಡುವ ಹಾಗೆ ನೋಡುತ್ತಿದ್ದ. ಚಿದಾನಂದ ಎದ್ದು ಹೊರಗೆ ಹೋದ.

ಮರುದಿನವೂ ಹೇಳಲಾಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಗಾಡಿಯ ಕೀಲಿ ಕೇಳಿದ. ಚಿದಾನಂದನ ಬಾಯಿಂದ ಬಂದದ್ದು ಬೇರೆಯೇ ಮಾತು. ಹೋಗುವ ಮುಂಚೆ ಒಂದು ಆಟ ಆಡಿ ಹೋಗು, ಕೈ ಬಿಸಿಯಾಗುತ್ತದೆ ಎಂದ. ಅಣ್ಣ ಖುಷಿಯಿಂದಲೇ ಬಂದು ಕೂತ. ಅಣ್ಣನಿಗೆ ಕಾಣದಂತೆ ಚಿದಾನಂದ ಅವನ ಏರ್ಪಾಟನ್ನು ತೆಗೆದು, ಕಂಪ್ಯೂಟರಿನಲ್ಲಿ ಎಲ್ಲರಿಗೂ ಇರುವ ಸಾದಾ ಏರ್ಪಾಟನ್ನು ಹಾಕಿದ. ಹೇಳಲಾರದ್ದನ್ನು ಕಾರು ಹೇಳಲಿ ಎಂದು ಅವನ ಎಣಿಕೆ. ಅದು ಹೇಡಿತನವೆಂದು ಹಾಕುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಮೌಸಿನ ಮೇಲಿನ ಬೆರಳು ನಿಲ್ಲಲಿಲ್ಲ. ತನ್ನ ಬೆರಳುಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಆಗ ಅನ್ನಿಸಿ ನಾಚಿಕೆಯಾಯಿತು.

ಕಾರು ಒಂದು ಸಲ ಮುಗ್ಗರಿಸಿ ನಿಂತಿತು. ಅಣ್ಣ ಮತ್ತೆ ಬಟನ್ನು ತಾಕಿದ. ಕಾರು ಒಂದು ಮಾರು ಹೋಗಿ ಮತ್ತೆ ನಿಂತಿತು. ತಿರುವಿನಲ್ಲಿ ತಿರುಗಲೇ ಇಲ್ಲ, ನೆಟ್ಟಗೆ ಮರಳಿಗೆ ಇಳಿಯಿತು. ಅಣ್ಣನ ಹಣೆಯ ಮೇಲೆ ಬೆವರು ಬಂತು. ಅವನ ಭುಜ ಮೇಲೆದ್ದಿತು, ಕತ್ತಿನ ನರಗಳು ಬಿಗಿದವು, ಇಡೀ ಬಲಗಡೆಯ ಮೈ ಆ ಒಂದು ಬೆರಳನ್ನು ತಳ್ಳಲು ನೆರೆದಂತಿತ್ತು. ಚಿದಾನಂದನಿಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಇದೇ ಅಣ್ಣನ ನಿಜವಾದ ಕೈ ಎಂದು ಮನಸ್ಸಿನ ಒಂದು ಮೂಲೆ ಶಾಂತವಾಗಿ ಗಮನಿಸುತ್ತಿತ್ತು. ಆ ಶಾಂತಿಯೇ ಅವನನ್ನು ಹೆದರಿಸಿತು.

ಅಣ್ಣ ಪ್ಯಾಡಿನಿಂದ ಕೈ ತೆಗೆಯದೆ ಕೇಳಿದ: "ಆಟ ಚಾಲೂ ಆಗುಮುಂದ ಮೂಲ್ಯಾಗ ದಿನಾ 'ಅಣ್ಣ' ಅಂತ ಬರ್ತಿತ್ತು. ಇವತ್ತ 'ಸಾದಾ' ಅಂತ ಬಂತು. ಏನ ಮಾಡೀದಿ?"

ಚಿದಾನಂದ ಎಲ್ಲವನ್ನೂ ಹೇಳಿದ. ಹೇಳುತ್ತಿರುವಾಗ ತನ್ನ ಮಾತು ಡಿಸೈನ್ ಕೊಳ್ಳಲು ಬಂದವರಿಗೆ ವಿವರಿಸುವ ಮಾತಿನಂತೆ ಕೇಳಿಸುತ್ತಿರುವುದು ಅವನಿಗೇ ಗೊತ್ತಾಗುತ್ತಿತ್ತು. ಸತ್ತ ಜಾಗ, ಕಿರಿದು ಮಾಡಿದ್ದು, ಗ್ಯಾಸಿನ ಬಟನ್ನು.  ಅಣ್ಣ ಬೈದಿದ್ದರೆ ಸುಲಭವಾಗುತ್ತಿತ್ತು.

"ಹಂಗಾರ ಅಂದಾನೆಪ್ಪನ್ನ ಸೋಲಿಸಿದ್ದು ಯಾರು?"

"ನೀನ ಅಣ್ಣ."

"ಖರೆ ಹೇಳು. ನಂದೆಷ್ಟು, ಅದರದೆಷ್ಟು?"

"ಗೊತ್ತಿಲ್ಲ," ಎಂದ ಚಿದಾನಂದ. ಅಷ್ಟು ದಿನಗಳಲ್ಲಿ ಅವನು ಆಡಿದ ಅತ್ಯಂತ ಸತ್ಯವಾದ ಮಾತು ಅದು, ಆದರೆ ಜಾರಿಕೊಂಡಂತೆ ಕೇಳಿಸಿತು.

ಸಾಫ್ಟ್‌ವೇರಿನಲ್ಲಿ ಒಂದು ಪುಟವಿತ್ತು. ಏನೂ ಸೇರಿಸದೆ, ಏನೂ ಬಿಡದೆ, ಕೋಲು ಎಲ್ಲಿದೆಯೋ ಅಲ್ಲೇ ತೋರಿಸುವ ಪುಟ: ಒಂದು ದುಂಡು ಗೆರೆ, ಒಳಗೆ ಒಂದು ಚುಕ್ಕಿ. ಅಣ್ಣನ ಪ್ರಶ್ನೆಗೆ ಉತ್ತರವಾಗಿ ಚಿದಾನಂದ ಅದನ್ನು ತೆರೆದ. ಅಣ್ಣ ಹೆಬ್ಬೆರಳನ್ನು ತಳ್ಳಿದ. ಚುಕ್ಕಿ ನಡುವನ್ನು ಬಿಟ್ಟು ಒಂದಿಷ್ಟು, ಬಹಳವೇ ಸ್ವಲ್ಪ, ಎಡಕ್ಕೆ ಸರಿದು ನಡುಗಿ ನಿಂತಿತು. ಗೆರೆ ಇನ್ನೂ ಎಷ್ಟೋ ದೂರದಲ್ಲಿತ್ತು. ಇದು ನನ್ನದೇನು ಎಂದು ಅಣ್ಣ ಕೇಳಿದ. ಹೂಂ, ಇದು ನಿನ್ನದೇ ಎಂದು ಚಿದಾನಂದ ಹೇಳಿದ. ಇಬ್ಬರೂ ಮುಂದೆ ಬಾಗಿ ಆ ಚುಕ್ಕಿಯನ್ನು ನೋಡಿದರು. ಕೀಲಿ ಮೇಜಿನ ಮೇಲೆಯೇ ಇತ್ತು. ಅಣ್ಣ ಅದನ್ನು ಎಡಗೈಯಿಂದ ಚಿದಾನಂದನ ಕಡೆ ಸರಿಸಿದ.

"ಚಿಮ್ಮಡಕ್ಕ ನೀ ಹೋಗಿ ಬಾ," ಎಂದ. ಏಳುವಾಗ ಗೋಡೆಯ ಕಡೆ ಮುಖ ಮಾಡಿ, "ಗೆಳ್ಯಾನ ಮುಂದ ನನ್ನ ಗೊಂಬಿ ಮಾಡಿ ಕುಣಿಸಿದಿ," ಎಂದ. ದನಿ ಏರಿರಲಿಲ್ಲ.

ಚಿದಾನಂದ ಹೋಗಿ ಬಂದ. ಅಕ್ಕ ಎದ್ದು ಕೂತಿದ್ದಳು. ಬಾಳಣ್ಣನ ಕೈ ಹೇಗಿದೆ ಎಂದು ಕೇಳಿದಳು, ಹಾಗೇ ಇದೆ ಎಂದ. ಬರುವಾಗ ಕಬ್ಬಿನ ಟ್ರೇಲರೊಂದು ಎದುರಿಗೆ ರಸ್ತೆಯ ನಡುವಿಗೆ ಬಂತು. ಅವನ ಬಲಗೈ ತಾನಾಗಿ ಗ್ಯಾಸು ಬಿಟ್ಟು ಬ್ರೇಕು ಹಿಡಿದು ಗಾಡಿಯನ್ನು ಅಂಚಿಗೆ ಇಳಿಸಿತು. ಟ್ರೇಲರ್ ದಾಟಿ ಹೋದ ಮೇಲೂ ಅವನು ಅಲ್ಲೇ ನಿಂತ. ತಾನು ಏನನ್ನೂ ಯೋಚಿಸಿರಲಿಲ್ಲ, ಕೈ ಮಾಡಿತ್ತು. ಹಾಗಾದರೆ ಇದರಲ್ಲಿ ತನ್ನದೆಷ್ಟು? ಅಣ್ಣ ಕೇಳಿದ್ದನ್ನು ಅಣ್ಣನ ಬಗ್ಗೆ ಮಾತ್ರ ಕೇಳಿದ್ದೆಂದು ತಾನು ತಿಳಿದದ್ದು ಎಷ್ಟು ಸಣ್ಣತನ ಎನ್ನಿಸಿತು. ಕಬ್ಬಿನ ಗರಿಯೊಂದು ಅಂಗಿಗೆ ಅಂಟಿತ್ತು. ಅದನ್ನು ಕಿತ್ತು ಬಿಸಾಡಿ ಗಾಡಿ ಹೊರಡಿಸಿದ.

ಆಮೇಲೆ ಅಣ್ಣ ಕಂಪ್ಯೂಟರಿನ ಕೋಣೆಗೆ ಬರಲಿಲ್ಲ. ಪಡಸಾಲೆಯ ಮಂಚದ ಮೇಲೆ ಕೂತು ಶೆಡ್ಡಿನ ಸದ್ದು ಕೇಳುತ್ತಿದ್ದ. ಮಾತಾಡುವುದನ್ನು ಬಿಡಲಿಲ್ಲ, ಊಟ ಆಯಿತೇ, ನೂಲು ಬಂತೇ ಎಂಬಷ್ಟನ್ನು ಆಡುತ್ತಿದ್ದ. ಅದು ಬಿಡುವುದಕ್ಕಿಂತ ಭಾರವಾಗಿತ್ತು. ನಿಮ್ಮಣ್ಣ ಕೈಯನ್ನು ಮತ್ತೆ ಅಂಗಿಯೊಳಗೆ ಮುಚ್ಚಿಕೊಂಡು ಕೂರುತ್ತಿದ್ದಾರೆ ಎಂದು ವೈನಿ ಹೇಳಿದಳು. ಏನಾಯಿತೆಂದು ಅವಳು ಕೇಳಲಿಲ್ಲ. ಕೇಳದಿರುವುದರಿಂದ, ಅವಳಿಗೆ ತಿಳಿದಿದೆಯೆಂದು ಅವನು ಊಹಿಸಿದ.

ಒಂದು ಮಧ್ಯಾಹ್ನ, ಡಿಸೈನ್ ತೆಗೆಯುತ್ತಿದ್ದವನು ಅದನ್ನು ಮುಚ್ಚಿ ಕಾರಿನ ಆಟ ತೆರೆದ. ಮೂಲೆಯಲ್ಲಿ 'ಅಣ್ಣ' ಎಂದು ಬಂದು ಮಾಯವಾಯಿತು. ಈ ಏರ್ಪಾಟನ್ನು ಮಾಡಿದವನು ತಾನು, ಒಮ್ಮೆಯೂ ಇದರಲ್ಲಿ ಆಡಿ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಪ್ಯಾಡನ್ನು ಮಡಿಲಲ್ಲಿಟ್ಟುಕೊಂಡು ಗ್ಯಾಸಿನ ಬಟನ್ನು ತಾಕಿದ. ಕಾರು ಹೊರಟಿತು, ಬಿಟ್ಟರೂ ಹೋಗುತ್ತಲೇ ಇತ್ತು. ಅದರದು ಇಷ್ಟು, ಎಂದುಕೊಂಡ. ಹೆಬ್ಬೆರಳನ್ನು ಕೋಲಿನ ಮೇಲೆ ಇಟ್ಟ. ಇಟ್ಟದ್ದೇ ತಡ, ಕಾರು ಎಡಕ್ಕೆ ಹಾರಿ ಗೋಡೆಗೆ ಗುದ್ದಿತು. ಬಲಕ್ಕೆ ತಂದ. ಬಲದ ಗೋಡೆಗೆ ಗುದ್ದಿತು. ಬೆರಳು ಸುಮ್ಮನೆ ಕೂತಿದ್ದರೂ ಅದಕ್ಕೆ ತಾಳ್ಮೆಯಿಲ್ಲ, ಉಸಿರಾಡಿದರೂ ಸಾಕು, ತಿರುಗಿಬಿಡುತ್ತಿತ್ತು. ಮೊದಲ ತಿರುವನ್ನೇ ಅವನು ಮುಟ್ಟಲಾಗಲಿಲ್ಲ. ಮತ್ತೆ ಶುರು ಮಾಡಿದ. ಮತ್ತೆ ಮರಳು, ಮತ್ತೆ ಗೋಡೆ. ಅಣ್ಣ ಇದರಲ್ಲಿ ಆ ತಿರುವುಗಳನ್ನೆಲ್ಲ ಮರಳು ತಾಗಿಸದೆ ದಾಟಿದ್ದ. ಸಾಫ್ಟ್‌ವೇರು ತಾನಾಗಿ ಯಾವ ತಿರುವನ್ನೂ ತಿರುಗಿಸಿಕೊಡುವುದಿಲ್ಲ. ಕೊಟ್ಟದ್ದನ್ನು ದೊಡ್ಡದು ಮಾಡಿ ಹೇಳುತ್ತದೆ, ಅಷ್ಟೇ. ಕೊಡುವುದು ಕಾಳಿನಷ್ಟೇ ಇದ್ದರೂ, ಎಷ್ಟು ಕೊಡಬೇಕು, ಯಾವಾಗ ತಿರುಗಿ ತೆಗೆದುಕೊಳ್ಳಬೇಕು ಎಂಬುದು ಬೆರಳಿಗೆ ಗೊತ್ತಿರಬೇಕು. ಅಣ್ಣನ ಬೆರಳು ಅದನ್ನು ಕಲಿತಿತ್ತು. ಪಕ್ಕದಲ್ಲೇ ಕೂತು, ಅಲುಗಿತೋ ಇಲ್ಲವೋ ಎಂದು ನೋಡುತ್ತಿದ್ದ ತನಗೆ ಅದು ಕಂಡಿರಲಿಲ್ಲ. ಓಡಿಹೋಗಿ ಹೇಳಬೇಕೆನ್ನಿಸಿತು. ಹೇಗೆ ಹೇಳುವುದೆಂದು ತಿಳಿಯದೆ ಮತ್ತೆ ಕಾರು ಹೊರಡಿಸಿ, ಮತ್ತೆ ಗುದ್ದಿಸಿದ.

ಪಡಸಾಲೆಯಲ್ಲಿ ಊರುಗೋಲಿನ ಸದ್ದಾಯಿತು. ಅಣ್ಣ ಬಾಗಿಲಲ್ಲಿ ಬಂದು ನಿಂತಿದ್ದ. ಚಿದಾನಂದ ತಿರುಗಲಿಲ್ಲ. ಕಾರು ಎಡಗೋಡೆಯನ್ನು ಉಜ್ಜುತ್ತ ಹೋಗುತ್ತಿತ್ತು.

"ಹಗುರಕ," ಎಂದ ಅಣ್ಣ.

ಚಿದಾನಂದ ಬೆರಳನ್ನು ಸಡಿಲ ಬಿಟ್ಟ. ಕಾರು ಬಲಕ್ಕೆ ಹಾರಿತು.

"ಅಷ್ಟಲ್ಲ. ಅದನ್ನ ದಬ್ಬಬಾರದು. ದಬ್ಬಬೇಕು ಅಂತ ಮನಸಿನ್ಯಾಗ ತರಬೇಕು, ಅಷ್ಟ. ಬೆರಳು ಹೊಂಟಿತು ಅನ್ನೂದ್ರಾಗ ತಿರಗಿ ಕರೀಬೇಕು."

ಅವನು ಹಾಗೆ ಮಾಡಿ ನೋಡಿದ. ಮನಸ್ಸಿಗೆ ತಂದದ್ದಕ್ಕೂ ಬೆರಳು ಹೊರಟದ್ದಕ್ಕೂ ನಡುವೆ ಅವನಿಗೆ ಯಾವ ಬಿಡುವೂ ಸಿಗಲಿಲ್ಲ. ಕಾರು ಗುದ್ದಿ ನಿಂತಿತು. ನನಗೆ ಆಗುವುದಿಲ್ಲ, ಇದು ನಿನಗೊಬ್ಬನಿಗೇ ಬರುತ್ತದೆ ಎಂದು ಅವನು ಹೇಳಿದ. ಸಮಾಧಾನಕ್ಕೆ ಹೇಳಿದ್ದಲ್ಲವೆಂದು ಪರದೆಯಲ್ಲೇ ಕಾಣುತ್ತಿತ್ತು. ಅಣ್ಣ ಬಹಳ ಹೊತ್ತು ಆ ಕಾರನ್ನು ನೋಡಿದ. ಆಮೇಲೆ ಒಳಗೆ ಬಂದು, ಏಳು ಎಂದು ಕೈಸನ್ನೆ ಮಾಡಿ, ಕುರ್ಚಿಯಲ್ಲಿ ಕೂತು, ದಿಂಬನ್ನು ಎಳೆದುಕೊಂಡ. ಬಲಗೈಯನ್ನು ಎತ್ತಿಡಲು ಚಿದಾನಂದ ಬಾಗಿದಾಗ ತಲೆಯಾಡಿಸಿ ತಾನೇ ಎತ್ತಿಟ್ಟುಕೊಂಡ.

"ತಿರುವೂದು ಹಿಂಗ ಇರಲಿ," ಎಂದ. "ಗ್ಯಾಸಿಂದು ತಗದಬಿಡು. ಅದನ್ನ ನಾ ಒತ್ತತೀನಿ."

ಹಾಗಾದರೆ ಕಾರು ಓಡುವುದಿಲ್ಲ, ನಿಂತು ನಿಂತು ಹೋಗುತ್ತದೆ ಎಂದು ಚಿದಾನಂದ ಹೇಳಿದ. ಹೋಗಲಿ ಎಂದ ಅಣ್ಣ. ಚಿದಾನಂದ ನಿಂತಲ್ಲಿಂದಲೇ ಮೌಸ್ ಹಿಡಿದು ಅದೊಂದನ್ನು ತೆಗೆದು, ಆಟವನ್ನು ಮೊದಲಿನಿಂದ ಶುರು ಮಾಡಿದ. ಉಳಿದ ಕಾರುಗಳೆಲ್ಲ ಧೂಳೆಬ್ಬಿಸಿ ಹೋದವು. ಅಣ್ಣನ ಕಾರು ಒಂದಿಷ್ಟು ದೂರ ಸಾಗಿ, ಮೊದಲ ತಿರುವನ್ನು ನುಣ್ಣಗೆ ಬಾಗಿ ದಾಟಿ, ಅಲ್ಲಿಂದ ನಾಲ್ಕು ಮಾರು ಆಚೆ, ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ತೋರುಬೆರಳು ಸೋತಿತ್ತು. ಅಣ್ಣ ಅದನ್ನು ನೋಡುತ್ತ ಕಾಯುತ್ತಿದ್ದ. ಕಾಯುವುದು ಬಹಳ ಹೊತ್ತಾಯಿತು ಎನ್ನಿಸಿ ಚಿದಾನಂದನ ಕೈ ಮೌಸಿನ ಕಡೆ ಹೋಯಿತು.

"ಕೈ ತಗಿ," ಎಂದ ಅಣ್ಣ.

ಅವನು ತೆಗೆದ. ಸ್ವಲ್ಪ ಹೊತ್ತಿನ ಮೇಲೆ ಕಾರು ಹೊರಟಿತು.